ಉಪ್ಪಿನಕಾಯಿ ಸೈಟಿಗೊಂದು ಹೆಡರ್

ಅಕ್ಕನ ಉಪ್ಪಿನಕಾಯಿ, ಹಪ್ಪಳ, ತೊಡದೇವು (ಕಬ್ಬಿನ ಹಾಲಿನ ತೆಳು ಸಿಹಿತಿಂಡಿ) ಮಾರೋ ಸೈಟಿಗೆ ಹೊಸ ಹೆಡರ್, ಅಂದ್ರೆ ಪ್ರತಿ ಪೇಜಿನ ಮೇಲ್ಗಡೆ ಕಾಣೋ ಪಟ್ಟಿ, ಮಾಡಿ ಮುಗಿಸ್ದೆ. ಇದ್ರ ಬಗ್ಗೆ ಬರೀಬೇಕು ಅನ್ಸಿದ್ದು ಎಂತಕ್ಕೆ ಅಂದ್ರೆ, ಕನ್ನಡದಲ್ಲಿ ಹೆಡರ್ ಮಾಡೋರಿಗೆ ಬರೋ ತಾಪತ್ರಯಕ್ಕೆ ಯೂಟ್ಯೂಬಿನ ಇಂಗ್ಲಿಷ್ ವಿಡಿಯೋಗಳಲ್ಲಿ ಮದ್ದಿಲ್ಲ. ಅವ್ರು ಲೋಗೋ ಎಡಕ್ಕೆ ಎಳೆದು, ಮೆನು ನಡುವಿಗೆ ಬಿಟ್ಟು, ಬಟನ್ ಬಲಕ್ಕಿಟ್ಟು ಪಬ್ಲಿಶ್ ಒತ್ತಿ ಎದ್ದು ಹೋಗ್ತಾರೆ. ಅದೇ ಕೆಲ್ಸಾನ ಕನ್ನಡ ಅಕ್ಷರ ಹಾಕ್ಕೊಂಡು, ಶಿರಸಿ ಆಚೆಯ ಹಳ್ಳಿ ನೆಟ್‌ವರ್ಕಲ್ಲಿ, ಫೋನಲ್ಲಿ ಮಾತ್ರ ನೋಡೋ ಗಿರಾಕಿಗೋಸ್ಕರ ಮಾಡೋಕೆ ಕೂತ್ರೆ ಎಳೆದು ಬಿಡೋದು ಕಾಲುಭಾಗ ಕೆಲ್ಸ, ಉಳಿದದ್ದೆಲ್ಲ ಏನನ್ನ ತೆಗೀಬೇಕು ಅಂತ ತೀರ್ಮಾನ ಮಾಡೋದು.

ಸೈಟು ವರ್ಡ್‌ಪ್ರೆಸ್ಸಲ್ಲಿದೆ, ಬಿಲ್ಡರ್, ಅಂದ್ರೆ ಎಳೆದು ಬಿಟ್ಟು ಪೇಜ್ ಕಟ್ಟೋ ಸಾಧನ, ಎಲಿಮೆಂಟರ್. ಹೆಡರ್ ಫೂಟರ್ ಎಲ್ಲ ನಾವೇ ಕಟ್ಟೋ ಥೀಮ್ ಬಿಲ್ಡರ್ ಅವ್ರ ಪ್ರೊದಲ್ಲಿ ಬರೋದು, ಅದಕ್ಕೆ ವರ್ಷಕ್ಕಿಷ್ಟು ಅಂತ ದುಡ್ಡು ಕೊಡ್ಬೇಕು, ನಂಗೆ ಬೇರೆ ಕೆಲ್ಸಕ್ಕೆ ತಗೊಂಡ ಲೈಸೆನ್ಸ್ ಇತ್ತು ಅದ್ಕೆ ಸರಿಹೋಯ್ತು. ದುಡ್ಡು ಹಾಕೋಕೆ ಮನಸ್ಸಿಲ್ಲ ಅನ್ನೋರಿಗೆ ವರ್ಡ್‌ಪ್ರೆಸ್ಸಿನದ್ದೇ ಸೈಟ್ ಎಡಿಟರ್ ಇದೆ, 2022ರ ಜನವರಿಲಿ ಬಂದ 5.9ರಿಂದ, ಅದಕ್ಕೆ ಹೊಂದೋ ಬ್ಲಾಕ್ ಥೀಮ್ ಹಾಕ್ಕೊಂಡ್ರೆ ಹೆಡರನ್ನ ಅಲ್ಲೇ ಪುಕ್ಕಟೆ ತಿದ್ದಬಹುದು. ಸಣ್ಣ ಸೈಟಿಗೆ ಅದು ಧಾರಾಳ ಸಾಕು ಅಂತ್ಲೇ ನನ್ನ ಅಭಿಪ್ರಾಯ. ಕೆಳಗೆ ಹೇಳೋ ಕನ್ನಡದ ಪಂಚಾಯ್ತಿ ಮಾತ್ರ ಯಾವ ಬಿಲ್ಡರಿಗೆ ಹೋದ್ರೂ ಬಿಡಲ್ಲ.

ಮೊದಲು ಲೋಗೋ. ಅಕ್ಕನ ಹತ್ರ ಇದ್ದದ್ದು ಬಾಟ್ಲಿ ಲೇಬಲ್ ಮಾಡಿಸಿದಾಗ ಪ್ರೆಸ್ಸಿನವ್ರು ಮಾಡಿಕೊಟ್ಟಿದ್ದು, ಅದೂ ವಾಟ್ಸಾಪಲ್ಲಿ ನಾಲ್ಕು ಜನರ ಕೈ ದಾಟಿ ಬಂದು ಅಂಚೆಲ್ಲ ಮಸುಕಾದ ಜೆಪೆಗ್, ಹಿಂದೆ ಬಿಳಿ ಚೌಕ ಬೇರೆ. ಅದನ್ನ ಹಸಿರು ಪಟ್ಟಿ ಮೇಲೆ ಇಟ್ರೆ ತೇಪೆ ಹಾಕಿದ ಹಾಗೆ ಕಾಣ್ತಿತ್ತು. ಪ್ರೆಸ್ಸಿಗೆ ಹೋಗಿ ಒರಿಜಿನಲ್ ಕೇಳ್ದೆ, ಕೋರೆಲ್‌ಡ್ರಾ ಫೈಲ್ ಕೊಟ್ರು, ಮನೆಗೆ ಬಂದು ಇಂಕ್‌ಸ್ಕೇಪಲ್ಲಿ ತೆಗೆದ್ರೆ ಚಿತ್ರ ಸರಿ ಇದೆ, ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಬ್ರಾಕೆಟ್ಟು, ಕೊಂಬು ಬಾಲ ಎಲ್ಲ ಕಲಸಿದ ಚಿತ್ರಾನ್ನ. ಡಿಟಿಪಿ ಗೊತ್ತಿರೋರಿಗೆ ಇದು ಹೊಸದಲ್ಲ. ಹಳೇ ನುಡಿ ಫಾಂಟು ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಹೀಗೇ ಆಗ್ತದೆ. ಮತ್ತೆ ಹೋಗಿ, ಟೆಕ್ಸ್ಟ್ ಸೆಲೆಕ್ಟ್ ಮಾಡಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ಸ್ (ಫಾಂಟ್ ಬೇಡದ ಬರೀ ಆಕಾರ) ಮಾಡಿ, ಪಿಡಿಎಫ್ ತೆಗೆದು ಕೊಡಿ ಅಂದೆ, ಅರ್ಧ ನಿಮಿಷದ ಕೆಲ್ಸ, ಆಯ್ತು. ನಿಮ್ಮೂರ ಪ್ರೆಸ್ಸಿಂದ ಲೋಗೋ ತರೋದಿದ್ರೆ ಮೊದಲ ಸಲವೇ ಇಷ್ಟನ್ನ ಕೇಳಿ ತಗೊಂಬನ್ನಿ.

ಫೈಲ್ ಸಿಕ್ತು ಅಂತ ಲೋಗೋ ಸಿಕ್ಕಿದ ಹಾಗಲ್ಲ. ಅದು ಗುಂಡಗಿನ ಲೇಬಲ್ ಲೋಗೋ, ನಡುವೆ ಭರಣಿ, ಸುತ್ತ ಹೆಸರು, ಕೆಳಗೆ ಸಣ್ಣದಾಗಿ ಶಿರಸಿ, ಉತ್ತರ ಕನ್ನಡ. ಬಾಟ್ಲಿ ಮೇಲೆ ಚಂದ. ಹೆಡರಲ್ಲಿ ನಲವತ್ತು ಪಿಕ್ಸೆಲ್ ಎತ್ತರಕ್ಕೆ ಇಳಿಸಿದ್ರೆ ಸುತ್ತ ಇರೋ ಅಕ್ಷರ ಇರುವೆ ಸಾಲು ಅಷ್ಟೇ. ಹಂಗಾಗಿ ಭರಣಿ ಒಂದನ್ನ ಮಾತ್ರ ಕತ್ತರಿಸಿ ಇಟ್ಕೊಂಡು, ಹೆಸರನ್ನ ಪಕ್ಕದಲ್ಲಿ ಟೆಕ್ಸ್ಟಾಗಿ ಯೂನಿಕೋಡಲ್ಲಿ ಟೈಪ್ ಮಾಡ್ದೆ. ಹೆಸರು ಚಿತ್ರದೊಳಗೆ ಮಾತ್ರ ಇದ್ರೆ ಗೂಗಲ್ಲಿಗೂ ಸರಿಯಾಗಿ ಸಿಗಲ್ಲ, ಕಣ್ಣು ಕಾಣದವರ ಫೋನು ಓದಿ ಹೇಳೋದೂ ಇಲ್ಲ, ಚಿತ್ರ ಲೋಡಾಗದೆ ಇದ್ದಾಗ ಯಾರ ಸೈಟು ಅಂತ್ಲೂ ಗೊತ್ತಾಗಲ್ಲ. ಎಷ್ಟು ದೊಡ್ಡದು ಮಾಡಿದ್ರೂ ಅಂಚು ಕೆಡದ ಎಸ್‌ವಿಜಿ ಚಿತ್ರ ಹಾಕೋ ಆಸೆ ಇತ್ತು, ವರ್ಡ್‌ಪ್ರೆಸ್ ಅದನ್ನ ಸೆಕ್ಯುರಿಟಿ ಕಾರಣಕ್ಕೆ ಸುಮ್ನೆ ಅಪ್‌ಲೋಡ್ ಮಾಡೋಕೆ ಬಿಡಲ್ಲ, ಬೇರೆ ಅನುಮತಿ ಕೊಡ್ಬೇಕು. ಒಂದು ಭರಣಿಗೋಸ್ಕರ ಅದೆಲ್ಲ ಯಾಕೆ ಅಂತ ಎರಡು ಪಟ್ಟು ದೊಡ್ಡ ಸೈಜಲ್ಲಿ ಹಿನ್ನೆಲೆ ತೆಗೆದ ವೆಬ್‌ಪಿ ಚಿತ್ರ ಹಾಕ್ದೆ, ಎಷ್ಟು ಒಳ್ಳೆ ಸ್ಕ್ರೀನಲ್ಲೂ ಅಂಚು ಚೊಕ್ಕ ಬರ್ತದೆ.

ಕಟ್ಟೋ ಭಾಗ ಬೇಗ ಹೇಳಿ ಮುಗಿಸ್ತೆ. ಟೆಂಪ್ಲೇಟ್ಸ್ ಒಳಗೆ ಥೀಮ್ ಬಿಲ್ಡರ್, ಅಲ್ಲಿ ಹೆಡರ್, ಹೊಸದು ಅಂದ್ರೆ ರೆಡಿಮೇಡ್ ಡಿಸೈನುಗಳ ರಾಶಿ ತೆರೀತದೆ. ಒಂದು ಕಂಟೇನರ್ (ಉಳಿದದ್ದನ್ನೆಲ್ಲ ಇಡೋ ಡಬ್ಬಿ), ದಿಕ್ಕು ಅಡ್ಡಕ್ಕೆ, ಜಸ್ಟಿಫೈ ಅನ್ನೋದು ಸ್ಪೇಸ್ ಬಿಟ್ವೀನ್, ಅಲೈನ್ ಸೆಂಟರ್. ಅದ್ರ ಒಳಗೆ ಇನ್ನೊಂದು ಸಣ್ಣ ಕಂಟೇನರಲ್ಲಿ ಭರಣಿ ಮತ್ತು ಹೆಸರು, ಆಮೇಲೆ ಮೆನು, ಕೊನೇಲಿ ಫೋನ್ ಬಟನ್. ಹೊರಗಿನ ಕಂಟೇನರಿನ ಎಚ್‌ಟಿಎಮ್‌ಎಲ್ ಟ್ಯಾಗನ್ನ ಡಿವ್ ತೆಗೆದು ಹೆಡರ್ ಅಂತ ಮಾಡಿಟ್ರೆ ಒಳ್ಳೇದು, ಕಣ್ಣಿಗೆ ಏನೂ ವ್ಯತ್ಯಾಸ ಕಾಣಲ್ಲ, ಸ್ಕ್ರೀನ್ ರೀಡರಿಗೆ ಇದು ಮೇಲ್ಭಾಗ ಅಂತ ತಿಳೀತದೆ. ನಾನು ರಾಶಿಯಲ್ಲಿದ್ದ ಒಂದು ರೆಡಿಮೇಡ್ ಡಿಸೈನನ್ನೇ ಎತ್ಕೊಂಡು ತಿದ್ದೋಕೆ ಹೊರಟಿದ್ದು, ನೋಡೋಕೆ ಭಾರಿ ನಾಜೂಕಾಗಿತ್ತು.

ಆ ನಾಜೂಕೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಹೊಲಿದಿದ್ದು. ಮೆನುವಲ್ಲಿ ಪ್ರಾಡಕ್ಟ್ಸ್ ಅಂತ ಇದ್ದ ಕಡೆ ಉತ್ಪನ್ನಗಳು ಅಂತ ಟೈಪ್ ಮಾಡ್ದೆ, ಸ್ಕ್ರೀನ್ ಮೇಲೆ ಬಂದಿದ್ದು ಹೆಚ್ಚುಕಮ್ಮಿ ಉತನಗಳು. ತ ಕೆಳಗಿನ ಪ ಒತ್ತು ಇಲ್ಲ, ನ ಕೆಳಗಿನ ನ ಒತ್ತಿನ ತುದಿ ಮಾತ್ರ ಕೂದಲೆಳೆ ಹಾಗೆ ಇಣುಕ್ತಾ ಇತ್ತು. ಉಪ್ಪಿನಕಾಯಿ ಹೋಗಿ ಉಪಿನಕಾಯಿ. ಡಿಸೈನ್ ಮಾಡಿದವರು ಲೈನ್ ಹೈಟನ್ನ (ಸಾಲಿನ ಎತ್ತರ ಅಕ್ಷರದ ಸೈಜಿನ ಎಷ್ಟು ಪಟ್ಟು ಅನ್ನೋದು) 1 ಇಟ್ಟು, ಅದ್ರಿಂದ ಹೊರಗೆ ಹೋದದ್ದು ಕಾಣಬಾರ್ದು ಅಂತ ಓವರ್‌ಫ್ಲೋ ಹಿಡನ್ ಮಾಡಿದ್ರು. ಇಂಗ್ಲಿಷಲ್ಲಿ ಸಾಲಿನ ಕೆಳಗೆ ಇಳಿಯೋದು ಜಿ, ವೈ ತರದ ಅಕ್ಷರದ ಬಾಲ, ಅಷ್ಟೇ. ನಮ್ಮಲ್ಲಿ ಒತ್ತಕ್ಷರ ಅಂದ್ರೆ ಕೆಳಗೆ ಇನ್ನೊಂದು ಅಕ್ಷರವೇ ಕೂರ್ತದೆ, ಮೇಲೆ ಗುಡಿಸು, ಏತ್ವ ಬೇರೆ. ಲೈನ್ ಹೈಟ್ 1.6ಕ್ಕೆ ಏರಿಸಿ ಓವರ್‌ಫ್ಲೋ ವಿಸಿಬಲ್ ಮಾಡಿದ್ಮೇಲೆ ಒತ್ತೆಲ್ಲ ವಾಪಸ್ ಬಂತು, ಜೊತೆಗೆ ಹೆಡರೂ ದಪ್ಪ ಆಯ್ತು, ಅದನ್ನ ಸರಿದೂಗಿಸೋಕೆ ಮೇಲೆ ಕೆಳಗಿನ ಪ್ಯಾಡಿಂಗ್, ಅಂದ್ರೆ ಸುತ್ತ ಬಿಡೋ ಖಾಲಿ ಜಾಗ, ಕಡಿಮೆ ಮಾಡ್ದೆ. ಇದಾದ್ಮೇಲೆ ಫಾಂಟ್ ಬದಲಿಸಿದಾಗೆಲ್ಲ ಉತ್ಪನ್ನಗಳು, ತಿಮ್ಮಕ್ಕ, ಸ್ತ್ರೀ, ಶಿರಸಿ ಅಂತ ಒಂದು ಸಾಲು ಬರೆದು ನೋಡೋದು ರೂಢಿ ಆಗಿಬಿಟ್ಟಿದೆ, ಸ್ತ್ರೀ ಒಂದು ಸರಿ ಕಂಡ್ರೆ ಉಳಿದದ್ದಕ್ಕೆ ಧೈರ್ಯ ಬರ್ತದೆ.

ಅದೇ ಡಿಸೈನಲ್ಲಿ ಲೆಟರ್ ಸ್ಪೇಸಿಂಗ್ 2 ಪಿಕ್ಸೆಲ್ ಇತ್ತು. ಇಂಗ್ಲಿಷ್ ದೊಡ್ಡಕ್ಷರಕ್ಕೆ ಅದೊಂದು ಗತ್ತು ಕೊಡ್ತದೆ ನಿಜ. ಕನ್ನಡದ ಗುಂಡು ಅಕ್ಷರಗಳ ನಡುವೆ ಅಷ್ಟು ಸಂದಿ ಬಿಟ್ರೆ ಶಬ್ದ ಒಂದಾಗಿ ಓದೋಕೇ ಬರಲ್ಲ, ಸೊನ್ನೆ ಮಾಡಿ ಬಿಡಿ. ಬೋಲ್ಡು ಅಷ್ಟೇ, ಸಣ್ಣ ಸೈಜಲ್ಲಿ ಅಕ್ಷರದ ದಪ್ಪ 700 ಹಾಕಿದ್ರೆ ಣ, ಷ ಇವುಗಳ ಹೊಟ್ಟೆಯೊಳಗಿನ ಜಾಗ ಮುಚ್ಚಿ ಕಪ್ಪು ಚುಕ್ಕಿ ಆಗ್ತದೆ. 500ಕ್ಕೆ ನಿಲ್ಸಿದೆ.

ಫಾಂಟ್ ಬಗ್ಗೆ ಒಂದು ಮಾತು. ಗೂಗಲ್ ಫಾಂಟ್ಸಲ್ಲಿ ಈಗ ಕನ್ನಡಕ್ಕೆ ಬರಗಾಲ ಇಲ್ಲ, ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2, ತಿರೋ ಕನ್ನಡ ಎಲ್ಲ ಬಿಲ್ಡರಿನ ಪಟ್ಟಿಲೇ ಸಿಗ್ತವೆ. ಹೆಸರಿಗೆ ಬಾಲೂ ತಮ್ಮ ಹಾಕ್ದೆ, ಗುಂಡಗೆ ಭರಣಿ ಪಕ್ಕ ಒಪ್ತದೆ. ಮೆನುವಿಗೂ ಒಂದು ವೆಬ್ ಫಾಂಟ್ ಹಾಕಿದ್ದೆ, ಆಮೇಲೆ ತೆಗೆದೆ. ಮಳೆಗಾಲದಲ್ಲಿ ಅಕ್ಕನ ಮನೆ ಹತ್ರ ನಿಂತು ಸೈಟು ತೆರೆದ್ರೆ ಮೊದಲು ಒಂದು ತರದ ಅಕ್ಷರ ಬಂದು, ಸುಮಾರು ಹೊತ್ತಾದ್ಮೇಲೆ ಫಾಂಟ್ ಇಳಿದು, ಎಲ್ಲಾ ಅಕ್ಷರ ಜಿಗಿದು ಜಾಗ ಬದಲಿಸ್ತಿತ್ತು, ಉಪ್ಪಿನಕಾಯಿ ಒತ್ತೋಕೆ ಹೋದ ಬೆರಳು ಹಪ್ಪಳದ ಮೇಲೆ. ಆಂಡ್ರಾಯ್ಡ್ ಫೋನಲ್ಲಿ ನೋಟೋ ಕನ್ನಡ, ವಿಂಡೋಸಲ್ಲಿ ನಿರ್ಮಲಾ ಯುಐ, ಆಪಲ್ಲಲ್ಲಿ ಕನ್ನಡ ಸಂಗಮ್ ಮೊದಲೇ ಕೂತಿರ್ತವೆ, ಮೆನುವಿಗೆ ಅದೇ ಸಾಕು, ಇಳಿಸೋ ಪ್ರಶ್ನೆಯೇ ಇಲ್ಲ. ಎಲ್ಲರ ಫೋನಲ್ಲೂ ಒಂದೇ ತರ ಕಾಣ್ಬೇಕು ಅನ್ನೋ ಹಠ ಬಿಟ್ರೆ ಬಹಳಷ್ಟು ಸುಲಭ.

ಭಾವಂಗೆ ಹೆಡರ್ ಅಂದ್ರೆ ಜಾತ್ರೆ ಅಂಗಡಿ ಫ್ಲೆಕ್ಸು, ಜಾಗ ಇದ್ದಷ್ಟೂ ತುಂಬ್ಬೇಕು. ಮಾರಿಕಾಂಬೆ ಫೋಟೋ ಒಂದು ಮೂಲೇಲಿ, ಸಹಸ್ರಲಿಂಗ ಇನ್ನೊಂದು ಮೂಲೇಲಿ, ಎರಡು ಮೊಬೈಲ್ ನಂಬರು, ಇಮೇಲು, ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು, ‘ಶುದ್ಧ ಮನೆ ತಯಾರಿಕೆ’ ಅಂತ ಓಡೋ ಅಕ್ಷರ. ನಾನು ವಾದ ಮಾಡೋಕೆ ಹೋಗ್ಲಿಲ್ಲ. ಬಿಲ್ಡರಲ್ಲಿ ಮೇಲೆ ಫೋನಿನ ಚಿತ್ರ ಇರ್ತದಲ್ಲ, ಅದನ್ನ ಒತ್ತಿ 360 ಪಿಕ್ಸೆಲ್ ಅಗಲಕ್ಕೆ ತಂದು ತೋರಿಸ್ದೆ. ಎರಡೂ ಬದಿ ಹದಿನಾರು ಪಿಕ್ಸೆಲ್ ಬಿಟ್ರೆ ಉಳಿದಿದ್ದು 328, ಭರಣಿಗೆ 40, ಫೋನ್ ಬಟನ್ನಿಗೆ 48, ಮೆನು ಬಟನ್ನಿಗೆ 60ರ ಮೇಲೆ, ನಡುವಿನ ಸಂದಿ ಎಲ್ಲ ಕಳೆದ್ರೆ ಹೆಸರಿಗೆ ಸಿಗೋದು ನೂರೈವತ್ತು ಚಿಲ್ಲರೆ. ‘ಇದ್ರಲ್ಲಿ ಸಹಸ್ರಲಿಂಗ ಎಲ್ಲಿ ಕೂರಿಸ್ಲಿ ಭಾವಾ’ ಅಂದೆ. ಸ್ವಲ್ಪ ಹೊತ್ತು ನೋಡಿ ‘ಅಡ್ಡಿಲ್ಲೆ, ಫೋನ್ ನಂಬರ್ ಒಂದು ಇರ್ಲಿ’ ಅಂದ್ರು. ಲ್ಯಾಪ್‌ಟಾಪಲ್ಲಿ ಚಂದ ಮಾಡಿ ಆಮೇಲೆ ಫೋನಿಗೆ ಇಳಿಸೋದು ಈ ಬಿಲ್ಡರುಗಳ ಕ್ರಮ, ಡೆಸ್ಕ್‌ಟಾಪಲ್ಲಿ ಕೊಟ್ಟದ್ದು ಟ್ಯಾಬ್ಲೆಟ್ಟಿಗೂ ಫೋನಿಗೂ ತಾನಾಗೇ ಇಳೀತದೆ, ಫೋನಲ್ಲಿ ಬದಲಿಸಿದ್ದು ಮೇಲೆ ಹತ್ತಲ್ಲ. ತೀರ್ಮಾನ ಮಾತ್ರ ಫೋನಿನ ಅಳತೇಲೇ ಮಾಡ್ಕೊಂಡು ಆಮೇಲೆ ಡೆಸ್ಕ್‌ಟಾಪಿಗೆ ಹೋಗೋದು ಲೇಸು.

ಮೆನುವಲ್ಲಿ ಉಳಿದಿದ್ದು ನಾಲ್ಕು: ಉಪ್ಪಿನಕಾಯಿ, ಹಪ್ಪಳ, ಸಿಹಿ, ನಮ್ಮ ಬಗ್ಗೆ. ಉತ್ಪನ್ನಗಳು ಅನ್ನೋದನ್ನೇ ಕೊನೆಗೆ ಕಿತ್ತು ಹಾಕ್ದೆ, ಅಷ್ಟು ಒದ್ದಾಡಿ ಒತ್ತು ಸರಿ ಮಾಡಿದ್ಮೇಲೆ! ಗಿರಾಕಿ ಹುಡುಕೋದು ಅಪ್ಪೆಮಿಡಿಯನ್ನ, ಉತ್ಪನ್ನವನ್ನಲ್ಲ. ಮುಖಪುಟ ಅನ್ನೋದೂ ಬೇಡ, ಭರಣಿ ಒತ್ತಿದ್ರೆ ಅಲ್ಲಿಗೇ ಹೋಗ್ತದೆ. ಸಂಪರ್ಕಿಸಿ ಬದಲು ನೇರ ಫೋನ್ ಚಿಹ್ನೆ, ಒತ್ತಿದ್ರೆ ಡಯಲ್ ಆಗೋ ಹಾಗೆ ಲಿಂಕಲ್ಲಿ ಟೆಲ್ ಕೋಲನ್ (tel:) ಹಾಕಿ +91 ಸಮೇತ ನಂಬರು. ವಾಟ್ಸಾಪ್ ಲಿಂಕಿಗೆ ಮಾತ್ರ ಪ್ಲಸ್ ಚಿಹ್ನೆ, ಮುಂದಿನ ಸೊನ್ನೆ, ನಡುವೆ ಗೀಟು ಏನೂ ಇರಬಾರ್ದು, 91 ಆದ್ಮೇಲೆ ಹತ್ತು ಅಂಕಿ, ಅಷ್ಟೇ.

ಅಡಿಕೆ ಸುಲಿಯೋ ಕಾಲ ಆಗಿತ್ತು. ಸಂಜೆ ಮೇಲೆ ಅಂಗಳದಲ್ಲಿ ದೀಪ ಹಾಕ್ಕೊಂಡು ಏಳೆಂಟು ಜನ ಮೆಟ್ಟುಗತ್ತಿ ಮುಂದೆ ಕೂತಿರ್ತಿದ್ರು, ಇದಕ್ಕಿಂತ ಒಳ್ಳೆ ಟೆಸ್ಟಿಂಗ್ ತಂಡ ಎಲ್ಲಿ ಸಿಗ್ಬೇಕು. ಫೋನ್ ಕೊಟ್ಟು ಮಿಡಿ ಉಪ್ಪಿನಕಾಯಿ ರೇಟು ಎಷ್ಟು ನೋಡಿ ಹೇಳಿ ಅಂದೆ. ಹುಡುಗ್ರು ಪಟ್ ಅಂತ ಮೆನು ತೆರೆಯೋ ಮೂರು ಗೆರೆ ಒತ್ತಿದ್ರು. ಭಾವನ ಅಪ್ಪ ಫೋನನ್ನ ದೂರ ಹಿಡಿದು, ಹತ್ರ ಹಿಡಿದು, ‘ಮಾಣಿ, ಇದ್ರಲ್ಲಿ ಉಪ್ಪಿನಕಾಯಿ ಎಲ್ಲಿದ್ದು?’ ಅಂದ್ರು. ಮೂರು ಗೆರೆ ತೋರಿಸ್ದೆ, ಅದೊಂದು ಅಲಂಕಾರ ಅಂದ್ಕೊಂಡಿದ್ರಂತೆ. ಅವ್ರೊಬ್ರೇ ಅಲ್ಲ, ಕೂತವ್ರಲ್ಲಿ ದೊಡ್ಡವ್ರು ಯಾರೂ ಅದನ್ನ ಮುಟ್ಲಿಲ್ಲ, ಎಲ್ಲರೂ ಕೆಳಗೆ ಎಳ್ಕೊಂಡು ಹೋದ್ರು. ಇನ್ನೊಬ್ರು ಒತ್ತೋಕೆ ಹೋದ್ರು, ಅಡಿಕೆ ಚೊಗರು ಹತ್ತಿ ಕಪ್ಪಾಗಿ ಒರಟಾದ ಹೆಬ್ಬೆರಳು, ಸ್ಕ್ರೀನಿಗೆ ಅದು ಬೆರಳು ಅಂತ್ಲೇ ಗೊತ್ತಾಗ್ತಿರ್ಲಿಲ್ಲ, ಎರಡನೇ ಸಲಕ್ಕೆ ಪಕ್ಕದ ಫೋನ್ ಬಟನ್ ಒತ್ತಿ ಹೋಗಿ ಒಳಗೆ ಅಡುಗೆಮನೇಲಿ ಅಕ್ಕನ ಫೋನು ಹೊಡ್ಕೊಳ್ತು.

ಅವತ್ತು ರಾತ್ರಿನೇ ಮೂರು ಗೆರೆ ಪಕ್ಕ ಮೆನು ಅಂತ ಬರೆದೆ. ವಿಜೆಟ್ಟಲ್ಲಿ ಅದಕ್ಕೆ ಸೀದಾ ಜಾಗ ಕಾಣ್ಲಿಲ್ಲ, ಕಸ್ಟಮ್ ಸಿಎಸ್‌ಎಸ್ಸಲ್ಲಿ (ಪೇಜಿನ ನೋಟ ತಿದ್ದೋ ಕೋಡ್) ಆ ಮೂರು ಗೆರೆ ಬಟನ್ನಿನ ::after ಅನ್ನೋದಕ್ಕೆ content ಅಂತ ಕೊಟ್ಟು ಸೇರಿಸ್ಬೇಕಾಯ್ತು, ಎರಡು ಸಾಲು. ಒತ್ತೋ ಜಾಗ 48 ಪಿಕ್ಸೆಲ್ ಎತ್ತರಕ್ಕೆ ದೊಡ್ಡದು ಮಾಡಿ, ಫೋನ್ ಬಟನ್ನಿಗೂ ಅದಕ್ಕೂ ನಡುವೆ ಸಂದಿ ಬಿಟ್ಟೆ. ಚಿಹ್ನೆ ಸಣ್ಣದೇ ಇರ್ಲಿ, ಸುತ್ತ ಪ್ಯಾಡಿಂಗ್ ಕೊಟ್ರೆ ಒತ್ತೋ ಜಾಗ ದೊಡ್ಡದಾಗ್ತದೆ, ನೋಟವೂ ಕೆಡಲ್ಲ. ಮರುದಿನ ಭಾವನ ಅಪ್ಪಂಗೆ ಮತ್ತೆ ಕೊಟ್ಟೆ, ಮೆನು ಒತ್ತಿ, ಉಪ್ಪಿನಕಾಯಿಗೆ ಹೋಗಿ, ರೇಟು ನೋಡಿ, ‘ಇಷ್ಟು ರೇಟಿಗೆ ತಗತ್ವನಾ ಜನ’ ಅಂತ ಕೇಳಿದ್ರು. ಹೆಡರ್ ಪಾಸ್.

ಮೇಲೆ ಅಂಟಿಕೊಂಡು ನಿಲ್ಲೋ ಸ್ಟಿಕ್ಕಿ ಹೆಡರ್ ಬೇಕಾ ಅಂತ ಬಹಳ ಯೋಚ್ನೆ ಮಾಡ್ದೆ. ಮಾಡೋದು ಸುಲಭ, ಅಡ್ವಾನ್ಸ್ಡ್ ಒಳಗೆ ಮೋಶನ್ ಎಫೆಕ್ಟ್ಸಲ್ಲಿ ಸ್ಟಿಕ್ಕಿ ಟಾಪ್ ಅಂತ ಇದೆ, ಡೆಸ್ಕ್‌ಟಾಪು ಟ್ಯಾಬ್ಲೆಟ್ಟು ಮೊಬೈಲು ಯಾವುದರಲ್ಲಿ ಬೇಕು ಅಂತ ಆರಿಸ್ಕೊಬಹುದು. ಕನ್ನಡ ಹೆಡರ್ ಸ್ವಭಾವಕ್ಕೇ ಸ್ವಲ್ಪ ಎತ್ತರ ಜಾಸ್ತಿ ಅಂತ ಆಗ್ಲೇ ಹೇಳಿದ್ನಲ್ಲ, ಸಣ್ಣ ಫೋನಲ್ಲಿ ಮೇಲೆ ಬ್ರೌಸರಿನ ಪಟ್ಟಿ, ಅದ್ರ ಕೆಳಗೆ ನಮ್ಮ ಪಟ್ಟಿ, ಅಡ್ಡ ಹಿಡಿದ್ರಂತೂ ಓದೋಕೆ ಜಾಗವೇ ಇರಲ್ಲ. ಹಾಗಾಗಿ ಸ್ಟಿಕ್ಕಿ ಡೆಸ್ಕ್‌ಟಾಪಿಗೆ ಮಾತ್ರ, ಫೋನಲ್ಲಿ ಹೆಡರ್ ಮೇಲೆ ಸರಿದು ಹೋಗ್ತದೆ, ವಾಟ್ಸಾಪ್ ಬಟನ್ ಒಂದು ಕೆಳಗೆ ಹೆಬ್ಬೆರಳಿಗೆ ಸಿಗೋ ಕಡೆ ನಿಂತಿರ್ತದೆ. ಡೆಸ್ಕ್‌ಟಾಪಲ್ಲಿ ಸ್ಟಿಕ್ಕಿ ಹಾಕಿದ್ಮೇಲೆ ಒಂದು ಗಮನಿಸಿ, ಪೇಜಿನೊಳಗೇ ಜಿಗಿಯೋ ಲಿಂಕುಗಳಿದ್ರೆ ಹೋಗಿ ನಿಂತ ತಲೆಬರಹ ಹೆಡರಿನ ಅಡಿಗೆ ಸಿಕ್ಕಿ ಮುಚ್ಚಿಹೋಗ್ತದೆ. ಸ್ಕ್ರೋಲ್ ಮಾರ್ಜಿನ್ ಟಾಪ್ ಅಂತ ಸಿಎಸ್‌ಎಸ್ಸಲ್ಲಿ ಇದೆ, ಹೆಡರಿನ ಎತ್ತರದಷ್ಟು ಅದಕ್ಕೆ ಕೊಟ್ಬಿಟ್ರೆ ತಲೆಬರಹ ಕೆಳಗೆ ಬಂದು ನಿಲ್ತದೆ.

ಪಾರದರ್ಶಕ ಹೆಡರೂ ನೋಡಿದ್ದಾಯ್ತು, ಹಿಂದೆ ತೋಟದ ಫೋಟೋ, ಅದ್ರ ಮೇಲೆ ಬಿಳಿ ಅಕ್ಷರ ತೇಲೋದು. ಫೋಟೋ ತೆಗೆದಿದ್ದು ಮಂಜು ಬಿದ್ದ ಬೆಳಿಗ್ಗೆ, ಮೇಲ್ಭಾಗ ಪೂರ್ತಿ ಬಿಳಿ, ಅದ್ರ ಮೇಲೆ ಬಿಳಿ ಅಕ್ಷರ! ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ 4.5ಕ್ಕೆ 1ರಷ್ಟಾದ್ರೂ ಇರ್ಬೇಕು ಅಂತ ವೆಬ್ ನಿಯಮಾವಳಿ ಹೇಳ್ತದೆ, ಮಂಜಿಗೆ ಅದೆಲ್ಲ ಗೊತ್ತಿಲ್ಲ. ಕಪ್ಪು ಗ್ರೇಡಿಯೆಂಟ್ ಹಾಕಿದ್ರೆ ಅಕ್ಷರ ಓದಬಹುದು, ತೋಟ ಮಾತ್ರ ಕತ್ಲೆ ಆಗ್ತದೆ. ಬಿಟ್ಟು ಗಟ್ಟಿ ಹಸಿರು ಪಟ್ಟಿಗೇ ವಾಪಸ್ ಬಂದೆ.

ಬೆಂಗ್ಳೂರು, ಮುಂಬೈ ಗಿರಾಕಿಗಳಿಗೆ ಅಂತ ಇಂಗ್ಲಿಷ್ ಪೇಜುಗಳೂ ಇವೆ, ಅವಕ್ಕೆ ಬೇರೆ ಹೆಡರ್ ಬೇಕಿತ್ತು. ಭಾಷೆ ಪ್ಲಗಿನ್ ಹಾಕೋಷ್ಟು ದೊಡ್ಡ ಸೈಟಲ್ಲ. ಯಾವ ಪೇಜಲ್ಲಿ ಯಾವ ಹೆಡರ್ ಅಂತ ಹೇಳೋ ಡಿಸ್‌ಪ್ಲೇ ಕಂಡಿಶನ್ಸ್ ಅನ್ನೋದು ಇಲ್ಲಿ ಉಪಯೋಗಕ್ಕೆ ಬಂತು. ಕನ್ನಡ ಹೆಡರಿಗೆ ಎಂಟೈರ್ ಸೈಟ್, ಇಂಗ್ಲಿಷ್ ಪೇಜುಗಳನ್ನೆಲ್ಲ ಒಂದು ತಾಯಿ ಪೇಜಿನ ಕೆಳಗಿಟ್ಟು, ಇಂಗ್ಲಿಷ್ ಹೆಡರಿಗೆ ಆ ತಾಯಿ ಪೇಜು ಮತ್ತು ಅದ್ರ ಕೆಳಗಿನ ಎಲ್ಲಾ ಪೇಜು ಅಂತ ಎರಡು ಕಂಡಿಶನ್. ಎರಡು ಹೆಡರಿಗೂ ಅನ್ವಯಿಸೋ ಕಡೆ ಹೆಚ್ಚು ನಿರ್ದಿಷ್ಟ ಇರೋದೇ ಗೆಲ್ತದೆ, ಜಗಳ ಇಲ್ಲ. ಪಬ್ಲಿಶ್ ಮಾಡಿದ್ಮೇಲೆ ಅಕ್ಕ ಫೋನ್ ಮಾಡಿ ‘ಹಳೇದೇ ಕಾಣ್ತು ತಮ್ಮಾ’ ಅಂದ್ಲು, ಅದು ಕ್ಯಾಶೆ, ಅಂದ್ರೆ ಬೇಗ ತೆರೀಲಿ ಅಂತ ಎತ್ತಿಟ್ಟ ಹಳೇ ಪ್ರತಿ, ಎಲಿಮೆಂಟರ್ ಟೂಲ್ಸಲ್ಲಿ ಫೈಲ್ ಕ್ಲಿಯರ್ ಮಾಡಿ, ಕ್ಯಾಶೆ ಪ್ಲಗಿನ್ನೂ ಖಾಲಿ ಮಾಡಿದ್ಮೇಲೆ ಹೊಸದು ಬಂತು.

ಕೊನೆಗೆ ಸೇರಿಸಿದ್ದು ಹೆಡರ್ ಮೇಲೊಂದು ಸಣ್ಣ ಹಳದಿ ಪಟ್ಟಿ, ಸೀಸನ್ ಸುದ್ದಿಗೆ. ಆಲೆಮನೆ ಶುರುವಾದ್ರೆ ತೊಡದೇವು ಇದೆ ಅಂತ, ಮಿಡಿ ಬಂದ್ರೆ ಹೊಸ ಉಪ್ಪಿನಕಾಯಿ ಇದೆ ಅಂತ. ಪ್ರತಿ ಸಲ ಬಿಲ್ಡರ್ ತೆರೆದು ಬದಲಿಸೋದು ಅಕ್ಕನ ಕೈಲಾಗೋ ಮಾತಲ್ಲ, ಫೋನಲ್ಲಂತೂ ಆ ಎಡಿಟರ್ ಜೊತೆ ಏಗೋಕಾಗಲ್ಲ. ಅದಕ್ಕೊಂದು ಉಪಾಯ ಮಾಡ್ದೆ, ಪಟ್ಟಿಯ ಟೆಕ್ಸ್ಟಿಗೆ ಡೈನಾಮಿಕ್ ಟ್ಯಾಗಲ್ಲಿ ಸೈಟ್ ಟ್ಯಾಗ್‌ಲೈನ್ (ಸೈಟಿನ ಹೆಸರಿನ ಜೊತೆ ಬರೋ ಸಣ್ಣ ಸಾಲು) ಜೋಡಿಸಿದೆ. ಅವ್ಳು ಫೋನ್ ಬ್ರೌಸರಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್, ಜನರಲ್, ಟ್ಯಾಗ್‌ಲೈನ್ ಬದಲಿಸಿ ಸೇವ್ ಒತ್ತಿದ್ರೆ ಎಲ್ಲಾ ಪೇಜಲ್ಲೂ ಬದಲಾಗ್ತದೆ. ಇದನ್ನ ಮಾಡೋರು ಎರಡು ವಿಷಯ ನೋಡ್ಕೊಳ್ಳಿ. ಆ ಸೆಟ್ಟಿಂಗ್ಸ್ ಅಡ್ಮಿನ್ ಲಾಗಿನ್ನಿಗೆ ಮಾತ್ರ ಕಾಣ್ತದೆ. ಮತ್ತೆ ಮುಖಪುಟದ ಟೈಟಲ್ಲಿಗೂ ವರ್ಡ್‌ಪ್ರೆಸ್ ಅದೇ ಟ್ಯಾಗ್‌ಲೈನನ್ನ ಸೇರಿಸ್ತದೆ, ಹಂಗೇ ಬಿಟ್ರೆ ಗೂಗಲ್ಲಲ್ಲಿ ಅಂಗಡಿ ಹೆಸರಿನ ಮುಂದೆ ‘ತೊಡದೇವು ಖಾಲಿ’ ಅಂತ ಕೂತ್ಕೊಳ್ಳೋ ಸಾಧ್ಯತೆ ಇದೆ, ಗೂಗಲ್ಲಲ್ಲಿ ಹೇಗೆ ಕಾಣ್ಬೇಕು ಅಂತ ತಿದ್ದೋ ಎಸ್‌ಇಒ ಪ್ಲಗಿನ್ನಲ್ಲಿ ಮುಖಪುಟಕ್ಕೆ ಬೇರೆ ಟೈಟಲ್ ಕೊಟ್ಬಿಡಿ.

ಫೋನಲ್ಲಿ ಎರಡನೇ ಸಾಲಿಗೆ ಹೋಗಬಾರ್ದು ಅಂತ ಮೂವತ್ತು ಅಕ್ಷರದೊಳಗೆ ಬರಿ ಅಂದಿದ್ದೆ. ಮೊನ್ನೆ ನೋಡಿದ್ರೆ ‘ಕರೆಂಟ್ ಇಲ್ಲೆ, ಫೋನ್ ಬೇಡ, ವಾಟ್ಸಾಪ್ ಹಾಕಿ’ ಅಂತ ಇತ್ತು, ಒಂದೇ ಸಾಲಲ್ಲಿ, ಒತ್ತೆಲ್ಲ ಸರಿಯಾಗಿ ಕಾಣ್ತಿತ್ತು.